ಇಲಿ ಬಿದ್ದರೆ ಮನೆ ಬಿಡಬೇಕು

ನಮ್ಮ ಮನೆಯ ದಿವಾನದ ಮೇಲೆ ಈಗ ಒಂದು ಹಡಗು ಮುಳುಗುತ್ತಿದೆ. ಅದರ ಪಕ್ಕದಲ್ಲೇ ಒಂದು ಊರಿಗೆ ಊರೇ ಬೂದಿಯಲ್ಲಿ ಹೂತುಹೋಗುತ್ತಿದೆ. ದಿಂಬಿನ ಕೆಳಗೆ ಭೂಕಂಪ. ನಿನ್ನೆ ಅಡುಗೆಮನೆಯಲ್ಲಿ ಚಪಾತಿ ಡಬ್ಬಿಯ ಹಿಂದೆ ಒಂದು ಮಹಾಪ್ರವಾಹ ಸಿಕ್ಕಿತು, ಮೈಯೆಲ್ಲ ಹಿಟ್ಟು ಮಾಡಿಕೊಂಡು. ನೀವು ಗಾಬರಿಯಾಗಬೇಡಿ. ಇವೆಲ್ಲ ನನ್ನ ಮೊಮ್ಮಗಳು ಧನ್ಯ ಓದಿ ಓದಿ ಬಿಸಾಡಿದ ಪುಸ್ತಕಗಳು. ಬೇಸಿಗೆ ರಜೆಗೆಂದು ಶಿಡ್ಲಘಟ್ಟಕ್ಕೆ ನನ್ನ ಮನೆಗೆ ಬಂದಿದ್ದಾಳೆ. ಅವಳ ಅಪ್ಪ ಅಮ್ಮ ಇಬ್ಬರೂ ಗೌರಿಬಿದನೂರಿನಲ್ಲಿ ಮೇಷ್ಟರು. ರಜೆ ಬಂದರೂ ಅವರಿಗೆ ಪೇಪರು ತಿದ್ದುವುದರಿಂದ ಬಿಡುವಿಲ್ಲ.

"ಕಾಮಿಕ್ಸ್ ಅನ್ಬಾರ್ದು ಅಜ್ಜಿ, ಗ್ರಾಫಿಕ್ ನಾವೆಲ್ ಅನ್ಬೇಕು. ಕಾಮಿಕ್ಸ್ ಚಿಕ್ಕ ಮಕ್ಕಳು ಓದೋದು" ಎಂದು ಒಂಬತ್ತು ವರ್ಷದ ಈ ದೊಡ್ಡ ಮನುಷ್ಯಳು ನನ್ನನ್ನು ಮೊದಲ ದಿನವೇ ತಿದ್ದಿದಳು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ತಿದ್ದಿ ಅಭ್ಯಾಸವೇ ಹೊರತು ತಿದ್ದಿಸಿಕೊಂಡು ಅಭ್ಯಾಸವಿಲ್ಲ. ಆದರೂ ಒಪ್ಪಿಕೊಂಡೆ. ಏಕೆಂದರೆ ಅವಳು ಮಧ್ಯಾಹ್ನ ಆಡಲು ಹೋದಾಗ ಆ ಪುಸ್ತಕಗಳನ್ನು ಕದ್ದು ಓದುತ್ತಿದ್ದವಳು ನಾನೇ.

ಎಲ್ಲ ಪುಸ್ತಕಗಳ ಅಚ್ಚೂ ಒಂದೇ. ಹಿಂದೆ ಎಲ್ಲೋ ನಿಜವಾಗಿ ನಡೆದ ಒಂದು ಅನಾಹುತ, ಅದರ ನಡುವೆ ಸಿಕ್ಕಿಕೊಂಡ ಒಂದು ಮಗು. ಮೊದಲ ಪುಟದಲ್ಲೇ ನೀರು ಕುತ್ತಿಗೆಗೆ ಬಂದಿರುತ್ತದೆ. ಆಮೇಲೆ ಕತೆ ಹಿಂದಕ್ಕೆ ಹೋಗಿ, ಆ ಮಗು ಬೆಳಗ್ಗೆ ತಿಂಡಿಗೆ ಏನು ತಿಂದಿತು ಎಂಬಲ್ಲಿಂದ ಶುರುವಾಗುತ್ತದೆ. ಕೊನೆಯ ಪುಟದಲ್ಲಿ ಮಗು ಕಂಬಳಿ ಹೊದ್ದು, ಬಿಸಿಬಿಸಿ ಏನನ್ನೋ ಕುಡಿಯುತ್ತಾ ಕೂತಿರುತ್ತದೆ. ಸಾಮಾನ್ಯವಾಗಿ ಒಂದು ನಾಯಿಯೂ ಇರುತ್ತದೆ, ಅದೂ ಬದುಕುತ್ತದೆ. ನಾನಂತೂ ಮೊದಲು ಕೊನೆಯ ಪುಟ ತೆಗೆದು ನಾಯಿ ಇದೆಯೋ ಇಲ್ಲವೋ ನೋಡಿಕೊಂಡೇ ಓದಲು ಕೂರುವುದು. ಈ ವಯಸ್ಸಿನಲ್ಲಿ ನಾಯಿ ಸಾಯುವುದನ್ನೆಲ್ಲ ನೋಡುವ ಶಕ್ತಿ ನನಗಿಲ್ಲ.

ಚಿತ್ರದ ಪುಸ್ತಕದ ಚಪಲ ನನಗೆ ಹೊಸದೇನಲ್ಲ. ನಾನು ಬೆಳೆದದ್ದು ಚಿಂತಾಮಣಿಯಲ್ಲಿ. ಅಲ್ಲಿ ನಮ್ಮ ಬೀದಿಯ ತುದಿಯಲ್ಲಿ ಬಾಡಿಗೆ ಸೈಕಲ್ ಕೊಡುತ್ತಿದ್ದ ಅಂಗಡಿಯೊಂದಿತ್ತು. ಅಲ್ಲೇ ಗೋಡೆಗೆ ದಾರ ಕಟ್ಟಿ ಚಿತ್ರದ ಪುಸ್ತಕಗಳನ್ನೂ ನೇತುಹಾಕಿರುತ್ತಿದ್ದರು. ಮನೆಗೆ ಒಯ್ದರೆ ಒಂದು ಬಾಡಿಗೆ, ಅಲ್ಲೇ ನಿಂತು ಓದಿದರೆ ಅದರರ್ಧ. ಅರ್ಧಕ್ಕರ್ಧ ಪುಸ್ತಕಗಳು ತೆಲುಗಿನವು. ಒಬ್ಬ ಮಾಂತ್ರಿಕ ರಾಜಕುಮಾರಿಯನ್ನು ಗುಹೆಯಲ್ಲಿ ಕೂಡಿಹಾಕಿಬಿಟ್ಟಿದ್ದ, ಮುಂದೇನಾಯಿತೆಂದು ಹೇಳುವವರು ಯಾರೂ ಇರಲಿಲ್ಲ. ಆ ಸಂಕಟಕ್ಕೇ ನಾನು ತೆಲುಗು ಅಕ್ಷರ ಕಲಿತೆ. ಕಲಿತು ಓದಿಕೊಂಡು ಹೋದರೆ ಕೊನೆಯ ಹಾಳೆಯೇ ಇಲ್ಲ, ಯಾರೋ ಪುಣ್ಯಾತ್ಮರು ಹರಿದುಕೊಂಡಿದ್ದರು. ನನ್ನ ಪಾಲಿಗೆ ಆ ರಾಜಕುಮಾರಿ ಇವತ್ತಿಗೂ ಗುಹೆಯಲ್ಲೇ ಇದ್ದಾಳೆ.

ಧನ್ಯಳ ತೊಂದರೆಯೇ ಬೇರೆ. ಅವಳಿಗೆ ನಮ್ಮ ಸೀಮೆಯ ಮೇಲೇ ಬೇಜಾರು. ಸಮುದ್ರವಿಲ್ಲ, ಹಡಗು ಮುಳುಗಲಾರದು. ನಿಮ್ಮೂರಲ್ಲೇ ಉತ್ತರ ಪಿನಾಕಿನಿ ನದಿ ಇದೆಯಲ್ಲ ಎಂದರೆ "ಅದ್ರಲ್ಲಿ ನೀರೆಲ್ಲಿ?" ಎಂದು ಕೇಳಿದಳು. ಒಮ್ಮೆ ಬೆಳಗ್ಗೆ ಸ್ಕಂದಗಿರಿಯ ತಲೆಯ ಮೇಲೆ ಮೋಡ ಕೂತಿದ್ದನ್ನು ಬಸ್ಸಿನ ಕಿಟಕಿಯಿಂದ ಕಂಡು, "ಅಜ್ಜಿ, ಹೊಗೆ!" ಎಂದು ಕಿರುಚಿ ಬಸ್ಸಿನಲ್ಲಿದ್ದವರನ್ನೆಲ್ಲ ಎಬ್ಬಿಸಿದಳು. ಹೊಗೆಯಲ್ಲ, ಅದನ್ನೇ ನೋಡಲು ಜನ ಕತ್ತಲಲ್ಲಿ ಬೆಟ್ಟ ಹತ್ತುತ್ತಾರೆ ಎಂದರೆ ಅವಳ ಮುಖ ಸಣ್ಣದಾಯಿತು.

ನಿಜ ಹೇಳಬೇಕೆಂದರೆ ಅನಾಹುತದ ಮುಂದೆ ಹೇಗಿರಬೇಕೆಂದು ನಮ್ಮ ಜನಕ್ಕೆ ಗೊತ್ತೇ ಇಲ್ಲ. ಈಚೆಗೆ ಒಂದು ವರ್ಷ ಮಳೆ ಹುಯ್ದು ಹುಯ್ದು ಕೆರೆಗಳೆಲ್ಲ ಕೋಡಿ ಬಿದ್ದವು. ಬೇರೆ ಕಡೆಯಾದರೆ ಜನ ನೀರಿನಿಂದ ದೂರ ಓಡುತ್ತಾರೆ. ನಮ್ಮವರು ಮಕ್ಕಳು ಮರಿ ಕಟ್ಟಿಕೊಂಡು, ಹೊಸ ಸೀರೆ ಉಟ್ಟು, ನೀರಿನ ಕಡೆಗೇ ಓಡಿದರು. ಕೋಡಿಯ ಪಕ್ಕದಲ್ಲಿ ಬಜ್ಜಿ ಗಾಡಿ ಬಂದು ನಿಂತಿತು. ನಾನೂ ಹೋಗಿದ್ದೆ, ಮೆಣಸಿನಕಾಯಿ ಬಜ್ಜಿ ಚೆನ್ನಾಗಿತ್ತು.

ಇನ್ನೊಂದು ನಾನು ಹೈಸ್ಕೂಲಿನಲ್ಲಿದ್ದಾಗಿನದು. ಆಕಾಶದಿಂದ ಏನೋ ದೊಡ್ಡ ಯಂತ್ರ ಉದುರಿ ನಮ್ಮ ತಲೆ ಮೇಲೇ ಬೀಳುತ್ತದೆ ಎಂದು ಸುದ್ದಿ ಹಬ್ಬಿತು. ನಾಳೆ ಹೇಗೂ ಇರುವುದಿಲ್ಲ, ಕೋಳಿಗಳನ್ನು ಯಾರಿಗೆ ಬಿಟ್ಟುಹೋಗುವುದು ಎಂದು ನಮ್ಮ ಬೀದಿಯವರು ಮನೆಮನೆಯಲ್ಲೂ ಕೋಳಿ ಕೊಯ್ದರು. ಬೀದಿಗೆ ಬೀದಿಯೇ ಮಸಾಲೆ ಘಮ್ಮೆಂದಿತು. ಬೆಳಗಾಯಿತು, ಏನೂ ಬೀಳಲಿಲ್ಲ. ಕೂಗುವುದಕ್ಕೆ ಹುಂಜವೂ ಇರಲಿಲ್ಲವಾಗಿ ಎಲ್ಲರೂ ತಡವಾಗಿ ಎದ್ದರು. ಇದನ್ನು ಧನ್ಯಳಿಗೆ ಹೇಳಿದಾಗ ನಗುತ್ತಾಳೆಂದುಕೊಂಡಿದ್ದೆ. ಅವಳು ನಗಲಿಲ್ಲ. "ಬಿದ್ದಿದ್ರೆ ಎಲ್ಲಿಗೆ ಓಡ್ತಿದ್ರಿ?" ಎಂದಳು. ಓಡುವ ಯೋಚನೆ ಯಾರಿಗೂ ಬಂದಿರಲಿಲ್ಲ, ಸಾರು ಒಲೆಯ ಮೇಲಿತ್ತಲ್ಲ.

ಇಲ್ಲಿ ನಮ್ಮಮ್ಮನ ವಿಷಯ ಹೇಳಬೇಕು. ನಮ್ಮ ಯಜಮಾನರು ಹೋದ ಮೇಲೆ ಅಮ್ಮ ನನ್ನ ಜೊತೆಗಿದ್ದಾಳೆ. ತೊಂಬತ್ತರ ಹತ್ತಿರ ಹತ್ತಿರ. ಊರುಗೋಲು ಹಿಡಿದರೂ ನೆಲಕ್ಕೆ ಊರುವುದು ಕಡಿಮೆ, ಅದರಿಂದ ತೋರಿಸಿ ಕೆಲಸ ಹೇಳುವುದೇ ಜಾಸ್ತಿ. ಈಚೆಗೆ ಮಾತ್ರ ಅವಳಿಗೆ ಮರೆವು ಶುರುವಾಗಿತ್ತು. ಸಾರಿಗೆ ಎರಡು ಸಲ ಉಪ್ಪು ಹಾಕುವುದು, ಧನ್ಯಳನ್ನು ನನ್ನ ಹೆಸರು ಹಿಡಿದು ಕೂಗುವುದು. ಕಳೆದ ತಿಂಗಳು ಕನ್ನಡಕ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು. ನಾನೂ ಕನ್ನಡಕ ಕಳೆಯುತ್ತೇನೆ, ಆದರೆ ನನ್ನದನ್ನು ಮರೆವು ಎನ್ನುವುದಿಲ್ಲ, ಕೆಲಸದ ಒತ್ತಡ ಎನ್ನುತ್ತೇವೆ. ಚಿಕ್ಕಬಳ್ಳಾಪುರದಲ್ಲಿರುವ ನನ್ನ ತಮ್ಮ ರಮೇಶನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. "ಅಕ್ಕಾ, ಇದು ಹಂಗೆ ಬಿಡೋ ವಿಷ್ಯ ಅಲ್ಲ. ಡಾಕ್ಟ್ರಿಗೆ ತೋರಿಸಣ" ಎಂದ. ಅಮ್ಮ ಒಂದು ದಿನ ನನ್ನನ್ನು ನೋಡಿ "ಯಾರಮ್ಮ ನೀನು?" ಎಂದುಬಿಟ್ಟರೆ? ಆ ಹೆದರಿಕೆ ನನ್ನೊಳಗೆ ಕೂತುಬಿಟ್ಟಿತ್ತು. ಯಾವ ಪುಸ್ತಕದ ಯಾವ ಭೂಕಂಪವೂ ನನ್ನನ್ನು ಅಷ್ಟು ಹೆದರಿಸಿರಲಿಲ್ಲ.

ಆಸ್ಪತ್ರೆಗೆ ಕರೆದೊಯ್ಯಲು ರಮೇಶ ಬೆಳಗ್ಗೆಯೇ ಕಾರು ತಂದ. ಅವನು ಕಾಫಿ ಕುಡಿಯುತ್ತಿದ್ದಾಗ ಹಿತ್ತಲಿಂದ ಅಮ್ಮನ ಕೂಗು ಕೇಳಿಸಿತು. ಓಡಿಹೋದೆವು. ನೀರಿನ ತೊಟ್ಟಿಯ ಪಕ್ಕ ಒಂದು ದೊಡ್ಡ ಇಲಿ ಅಂಗಾತ ಬಿದ್ದಿತ್ತು. ಅಮ್ಮ ಊರುಗೋಲನ್ನು ಅದರ ಕಡೆಗೆ ಚಾಚಿ, ನೆಟ್ಟಗೆ ನಿಂತಿದ್ದಳು.

"ಇಲಿ ಬಿದ್ದೈತೆ. ಯಾರೂ ಒಳಗಿರಬಾರ್ದು. ನಡೀರಿ ನಮ್ಮ ಹೊಲಕ್ಕೆ. ಮನೆ ಬಿಡಬೇಕು."

ಪ್ಲೇಗಿನ ಕಾಲದಲ್ಲಿ ನಮ್ಮ ಕಡೆ ಅದೇ ಕಟ್ಟಳೆ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಅದು ರೋಗ ಬಂದ ಗುರುತು. ಊರಿಗೆ ಊರೇ ಬಾಗಿಲು ಹಾಕಿಕೊಂಡು ಹೊಲದಲ್ಲಿ ಗುಡಿಸಲು ಹಾಕಿ ತಿಂಗಳುಗಟ್ಟಲೆ ಇರುತ್ತಿತ್ತು. ಅಮ್ಮ ಧನ್ಯಳ ವಯಸ್ಸಿನಲ್ಲಿದ್ದಾಗ ಮಂಡಿಕಲ್ ಕಡೆಯ ತನ್ನ ತವರೂರಿನಲ್ಲಿ ಹಾಗೆ ಮನೆ ಬಿಟ್ಟವಳು. ಆದರೆ ಪ್ಲೇಗು ಹೋಗಿ ಯಾವ ಕಾಲವಾಯಿತು!

ರಮೇಶ ನನ್ನನ್ನು ಪಕ್ಕಕ್ಕೆ ಎಳೆದ. "ನೋಡ್ದ್ಯಾ ಅಕ್ಕಾ? ಹಿಂದಿಂದು, ಇವತ್ತಿಂದು, ಎಲ್ಲಾ ಒಂದಾಗೋಗಿದೆ" ಎಂದು ಪಿಸುಗುಟ್ಟಿದ. "ಹೂಂ ಅಂದು ಕಾರಲ್ಲಿ ಕೂರಿಸಿಬಿಡು. ಮಂಡಿಕಲ್ ಹೊಲಕ್ಕೆ ಹೋಗೋ ದಾರೀಲೇ ಚಿಕ್ಕಬಳ್ಳಾಪುರ ಸಿಗುತ್ತಲ್ಲ, ಆಸ್ಪತ್ರೆ ಹತ್ರ ಇಳಿಸಿದ್ರಾಯ್ತು." ನನ್ನ ಎದೆ ಭಾರವಾಯಿತು. ಹೂಂ ಎಂದು ಅಮ್ಮನ ಹತ್ತಿರ ಹೋದೆ.

ಮನೆಯಲ್ಲಿ ಅಮ್ಮನ ಮಾತನ್ನು ನಿಜವೆಂದು ನಂಬಿದವಳು ಧನ್ಯ ಒಬ್ಬಳೇ. ಅವಳು ಒಂದೂ ಪ್ರಶ್ನೆ ಕೇಳಲಿಲ್ಲ. ಮಂಚದ ಕೆಳಗಿನಿಂದ ತನ್ನ ಸ್ಕೂಲ್ ಬ್ಯಾಗ್ ಎಳೆದು ಬೆನ್ನಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಳು. ಅದು ಆಗಲೇ ತುಂಬಿತ್ತು. ಅಮ್ಮ ಒಂದೊಂದೇ ಹೇಳಿ ಸಾಮಾನು ಕಟ್ಟಿಸಿದಳು: ರಾಗಿ ಹಿಟ್ಟು, ಉಪ್ಪು, ಮೆಣಸಿನಕಾಯಿ, ಬೇಳೆ, ಮಡಕೆ, ಮುದ್ದೆ ಕೋಲು, ಬೆಂಕಿಪೊಟ್ಟಣ. ನಾನು ನನ್ನ ಬುದ್ಧಿಗೆ ತೋಚಿದಂತೆ ಫೋನಿನ ಚಾರ್ಜರ್ ಹಾಕಿಕೊಂಡೆ, ಹೊಲದಲ್ಲಿ ಯಾವ ಮರಕ್ಕೆ ಅದನ್ನು ಸಿಕ್ಕಿಸುತ್ತೇನೆಂದು ಯೋಚಿಸದೆ.

ಚಿಕ್ಕಬಳ್ಳಾಪುರ ಬಂತು. ಆಸ್ಪತ್ರೆಯ ಹತ್ತಿರ ರಮೇಶ ಕಾರು ನಿಧಾನ ಮಾಡಿದ.

"ಏಮ್ರಾ, ಪೆಟ್ರೋಲ್ ಮುಗೀತಾ?" ಹಿಂದಿನ ಸೀಟಿನಿಂದ ಅಮ್ಮ.

"ಇಲ್ಲಮ್ಮ, ಇಲ್ಲೊಂದು ಸಣ್ಣ ಕೆಲ್ಸ..."

"ಇಲಿ ಬಿದ್ದ ಮನೇವ್ರು ದಾರೀಲಿ ಇನ್ನೊಂದೂರಲ್ಲಿ ನಿಲ್ಲಬಾರ್ದು ಕಣೋ. ರೋಗ ಹಂಚಿದಂಗಾಯ್ತದೆ. ನಡಿ ನಡಿ."

"ಹೌದು ತಾತ, ಅದಕ್ಕೆ ಕ್ವಾರಂಟೈನ್ ಅಂತಾರೆ" ಎಂದು ಧನ್ಯ ದನಿಗೂಡಿಸಿದಳು. ರಮೇಶನಿಗೆ ತಲೆಗೂದಲಿಗೆ ಬಣ್ಣ ಹಚ್ಚುವ ಅಭ್ಯಾಸ, ತಾತ ಎಂದರೆ ಆಗುವುದಿಲ್ಲ. ಆದರೆ ಇಬ್ಬರ ಎದುರು ಒಬ್ಬನೇ ಏನು ಮಾಡಿಯಾನು? ಗೇರು ಬದಲಾಯಿಸಿದ.

ಹೊಲ ಅಮ್ಮನಿಗೆ ತವರಿನವರು ಅರಿಶಿನ ಕುಂಕುಮಕ್ಕೆಂದು ಕೊಟ್ಟದ್ದು. ಈಗ ಅಲ್ಲಿ ರಮೇಶ ಸೇವಂತಿಗೆ ಹಾಕಿಸಿದ್ದಾನೆ. ಒಂದು ಪಂಪ್‌ಸೆಟ್ ಕೋಣೆ, ಒಂದು ದೊಡ್ಡ ಹೊಂಗೆ ಮರ. ಕಾರಿಳಿದದ್ದೇ ತಡ, ಅಮ್ಮ ಹತ್ತು ವರ್ಷ ಚಿಕ್ಕವಳಾದಳು. ಮೂರು ಕಲ್ಲು ಹೂಡಿಸಿದಳು. ಇಸ್ತ್ರಿ ಮಾಡಿದ ಪ್ಯಾಂಟಿನ ರಮೇಶನನ್ನು ಸೌದೆಗೆ ಓಡಿಸಿದಳು. ಹೊಲದ ಬದುವಿನಲ್ಲಿ ಸಿಕ್ಕಿದ ಸೊಪ್ಪು ಕಿತ್ತು ನನ್ನ ಕೈಯಲ್ಲಿ ಬಸ್ಸಾರು ಮಾಡಿಸಿದಳು. ನಾನು ಹಾಕಿದ ಉಪ್ಪಿನ ಮೇಲೆ ತಾನೂ ಒಂದು ಹಿಡಿ ಹಾಕಿದಳು. ಗೊಣಗದೆ ತಿಂದೆವು. ಹೊಂಗೆ ನೆರಳಿನಲ್ಲಿ ಬಿಸಿ ಮುದ್ದೆ ಉಪ್ಪುಪ್ಪಾಗಿಯೂ ಚೆನ್ನಾಗಿಯೇ ಇರುತ್ತದೆ.

ಊಟದ ಮೇಲೆ ಅಮ್ಮ ಊರುಗೋಲಿನಿಂದ ನೆಲದ ಮೇಲೆ ಗೆರೆ ಎಳೆದು ಧನ್ಯಳಿಗೆ ತೋರಿಸಿದಳು. ಇದು ನಮ್ಮ ಗುಡಿಸಲು. ಇದು ಮೇಷ್ಟರದು, ನಮ್ಮದಕ್ಕೆ ಅಂಟಿಕೊಂಡೇ ಇತ್ತು, ಅದರಿಂದ ಸ್ಕೂಲಿಲ್ಲದಿದ್ದರೂ ಮಗ್ಗಿ ತಪ್ಪಲಿಲ್ಲ. ಆ ಕಡೆಯ ಎರಡು ಗುಡಿಸಲಿನವರು ಊರಿನಲ್ಲಿ ಒಂದು ಗೋಡೆಗಾಗಿ ಮಾತು ಬಿಟ್ಟವರು, ಇಲ್ಲಿ ಗೋಡೆಯೇ ಇಲ್ಲವಾಗಿ ಒಂದೇ ಒಲೆಯ ಬೆಂಕಿ ಹಂಚಿಕೊಂಡರು.

"ಪ್ಲೇಗಿನ ಸೂಜಿ ಹಾಕೋರು ಬಂದ್ರು ನೋಡು, ನಮ್ಮ ತಾತಂಗೆ ಸೂಜಿ ಅಂದ್ರೆ ಜೀವ ಹೋಗ್ತಿತ್ತು. ಊರೊಳಗೆ ಓಡೋಗಿ ಖಾಲಿ ರಾಗಿ ಕಣಜದಾಗೆ ಇಳಕೊಂಡ್ನಮ್ಮ. ಇಳಿಯೋಕೇನೋ ಇಳಿದ, ಹತ್ತಕ್ಕಾಗ್ಲಿಲ್ಲ. ಎತ್ರಪ್ಪೋ ಅಂತ ಕೂಕ್ಕೊಂಡ. ಎತ್ತಿದೋರು ಯಾರು? ಆ ಸೂಜಿಯೋರೇ! ಅಲ್ಲೇ ಚುಚ್ಚಿ ಕಳಿಸಿದ್ರು."

ಧನ್ಯ ಬಿದ್ದು ಬಿದ್ದು ನಕ್ಕಳು. ಆಮೇಲೆ ಕೇಳಿದಳು: "ಯಾರೂ ಸಾಯ್ಲಿಲ್ವಾ ಮುತ್ತಜ್ಜಿ?"

ನಾನು ಮಾತು ಬದಲಾಯಿಸಲು ನೋಡಿದೆ. ಅಮ್ಮ ಕೈಯೆತ್ತಿ ನನ್ನನ್ನು ತಡೆದಳು. "ಸತ್ರಮ್ಮ. ನಮ್ಮ ಚಿಕ್ಕಮ್ಮ ಹೋದ್ಲು. ನಂಗೆ ಜಡೆ ಹಾಕ್ತಿದ್ದೋಳು. ತುಂಬಾ ಅತ್ತೆ. ಒಂದಷ್ಟು ದಿನ ಯಾರ ಕೈಲೂ ತಲೆ ಬಾಚಿಸ್ಕೊಳ್ಳಲಿಲ್ಲ."

"ಆಮೇಲೆ?"

"ಆಮೇಲೇನು? ರೋಗ ಕಮ್ಮಿ ಆಯ್ತು. ಮನೆಗೋಗಿ ಸುಣ್ಣ ಹೊಡೆದ್ವಿ. ಒಲೆ ಹಚ್ಚಿದ್ವಿ. ನಮ್ಮಜ್ಜಿ ಜಡೆ ಹಾಕೋದು ಕಲಿತ್ಲು."

"ನಿಮ್ಮಜ್ಜಿನೂ ವಾಪಸ್ ಬಂದ್ರಾ?"

"ಬರದೇ? ಎಲ್ರಿಗಿಂತ ಮುಂದೆ ನಡ್ಕೊಂಡು ಬಂದ್ಲು. ಸೊಂಟ ಬಗ್ಗಿದ ಮುದುಕಿ."

ಧನ್ಯ ಬ್ಯಾಗು ಬಿಚ್ಚಿ ನಮಗೆಲ್ಲ ಬಿಸ್ಕತ್ತು ಹಂಚಿದಳು. ಒಳಗೆ ಇಣುಕಿದೆ. ಟಾರ್ಚು, ಸೀಟಿ, ನೀರಿನ ಬಾಟಲಿ. ನಾನು ಎರಡು ದಿನದಿಂದ ಹುಡುಕುತ್ತಿದ್ದ ನನ್ನ ಬಿಪಿ ಮಾತ್ರೆಯ ಹಾಳೆ. ತಳದಲ್ಲಿ ಮಡಿಸಿಟ್ಟ ಅಮ್ಮನ ಹಳೆಯ ಸೀರೆಯೊಂದು.

"ಸೀರೆ ಯಾಕಮ್ಮ?" ಎಂದೆ. ಅವಳು ಹೂವಿನ ಸಾಲಿನ ಕಡೆ ಓಡಿದಳು.

ಆಗಲೇ ಪಕ್ಕದ ಮನೆಯ ಮುಮ್ತಾಜಳ ಫೋನು ಬಂತು. ಅವರ ಮನೆಯಲ್ಲಿ ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುತ್ತಾರೆ. ಗೂಡಿನೊಳಗಿನ ಹುಳದ ಆಸೆಗೆ ಬೀದಿಯ ಇಲಿಗಳೆಲ್ಲ ಅಲ್ಲೇ ನೆರೆಯುತ್ತವೆ. "ಅಕ್ಕಾ, ಬೀಗ ಹಾಕ್ಕೊಂಡು ಎಲ್ಲಿಗೆ ಹೋದ್ರಿ?" ಎಂದಳು. ಹಿತ್ತಲಲ್ಲಿ ಇಲಿ ಸತ್ತಿತ್ತು ಎಂದೆ. "ಅಯ್ಯೋ, ನಾನೇ ಅಲ್ವಾ ಔಷಧಿ ಇಟ್ಟಿದ್ದು! ನಿಮ್ಮಮ್ಮನೇ ನಿನ್ನೆ ಗೋಡೆ ಮೇಲಿಂದ ಕೂಗಿ ಇಡಿಸಿದ್ರು. ಬೆಳಗ್ಗೆ ಮತ್ತೆ ಗೋಡೆ ಹತ್ರ ಬಂದು ಎಷ್ಟು ಬಿದ್ವು ಅಂತಾನೂ ಕೇಳ್ಕೊಂಡೋದ್ರಲ್ಲ."

ಪಂಪಿನ ನೀರಿನಲ್ಲಿ ಮಡಕೆ ತೊಳೆಸುತ್ತಾ ನಿಂತಿದ್ದ ಅಮ್ಮನ ಹತ್ತಿರ ಹೋದೆ.

"ಅಮ್ಮಾ, ಇಲಿ ಔಷಧಿ ತಿಂದು ಸತ್ತಿದ್ದು ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನೇ? ಪ್ಲೇಗು ಈಗೆಲ್ಲೈತೆ? ನಂಗೇನು ಬುದ್ಧಿ ಕೆಟ್ಟೈತಾ?"

ಮಡಕೆ ಹಿಡಿದಿದ್ದ ರಮೇಶ ಮಡಕೆಯನ್ನೇ ನೋಡತೊಡಗಿದ.

"ಮತ್ತೆ ಯಾಕಮ್ಮ ಇಷ್ಟೆಲ್ಲ?"

ಅಮ್ಮ ಸೇವಂತಿಗೆ ಸಾಲಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಆ ಮಗು ಒಂದು ವಾರದಿಂದ ಸರಿಯಾಗಿ ನಿದ್ದೆ ಮಾಡಿಲ್ಲ ಕಣೇ. ನನ್ನ ಮಗ್ಗುಲಲ್ಲಿ ಮಲಗೋದಲ್ವಾ, ನಂಗೊತ್ತಾಯ್ತದೆ. ನೀನು ಆಚೆ ರೂಮಲ್ಲಿ ಗೊರಕೆ ಹೊಡೀತಿರ್ತೀಯ. ಆ ಪುಸ್ತಕದಾಗೆ ಮಕ್ಕಳು ಉಳೀತಾರಂತೆ, ನಾಯೀನೂ ಉಳೀತದಂತೆ, ಮುದುಕೀರು ಮಾತ್ರ ಯಾರೂ ಉಳಿಯಲ್ವಂತೆ. ಮುತ್ತಜ್ಜಿ, ನಿಂಗೆ ಓಡಕ್ಕಾಗಲ್ವಲ್ಲ, ನಿನ್ನ ಸೀರೇಲಿ ಬೆನ್ನಿಗೆ ಕಟ್ಕೊಂಡ್ರೆ ನಾನು ಎತ್ತಬಲ್ಲೆನಾ, ಅಂತ ಕೇಳ್ತು."

ಅಷ್ಟೂ ಪುಸ್ತಕಗಳನ್ನು ನಾನೂ ಓದಿದ್ದೆ. ನಾಯಿಯೊಂದನ್ನೇ ಹುಡುಕಿದ್ದೆ.

"ಏನೂ ಆಗಲ್ಲ ಬಿಡು ಅಂತ ಬಾಯಲ್ಲಿ ಹೇಳ್ಬೋದಿತ್ತಲ್ಲಮ್ಮ" ಎಂದ ರಮೇಶ.

"ಬಾಯಲ್ಲಿ ಹೇಳಿದ್ರೆ ನಂಬ್ತದೇನೋ? ಬಾವೀಲಿ ದೆವ್ವ ಇಲ್ಲ ಅಂತ ನಿಂಗೆಷ್ಟು ಸಲ ಹೇಳ್ದೆ, ನಂಬಿದ್ಯಾ? ಮುದುಕಿ ತನ್ನ ಕಾಲ ಮೇಲೆ ಮನೆ ಬಿಟ್ಟು ತನ್ನ ಕಾಲ ಮೇಲೆ ವಾಪಸ್ ಬರ್ತಾಳೆ ಅಂತ ಅದು ಕಣ್ಣಲ್ಲಿ ನೋಡ್ಬೇಕು. ಇಲಿ ಬಿದ್ದಿದ್ದು ಒಳ್ಳೇದಾಯ್ತು."

ಅಮ್ಮನಿಗೆ ಮರೆವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅಷ್ಟು ಹೇಳಿದವಳು "ಇವಳೇ, ಊಟ ಆಯ್ತಾ ನಮ್ಮದು?" ಎಂದು ಕೇಳಿದಳು. ಡಾಕ್ಟರಿಗೆ ತೋರಿಸುವುದು ಇದ್ದೇ ಇದೆ. ಆದರೆ ಬೆಳಗ್ಗೆಯಿಂದ ಎದೆಯ ಮೇಲಿದ್ದ ಕಲ್ಲು ಇಳಿದು, ನಾನು ಆ ಹೊಲದ ಮಧ್ಯೆ ಹುಚ್ಚಿಯ ಹಾಗೆ ನಗುತ್ತಾ ನಿಂತೆ.

ಸಂಜೆ ಶಿಡ್ಲಘಟ್ಟಕ್ಕೆ ಮರಳಿದೆವು. ಬಾಗಿಲಲ್ಲಿ ಅಮ್ಮ ಎಲ್ಲರನ್ನೂ ತಡೆದಳು. ಮನೆ ಬಿಟ್ಟು ಬಂದವರು ಸುಮ್ಮನೆ ನುಗ್ಗುವಂತಿಲ್ಲ, ಮೊದಲು ಹಸು ಒಳಗೆ ಹೋಗಬೇಕು. ನಮ್ಮ ಬೀದಿಯಲ್ಲಿ ಹಸು ಎಲ್ಲಿ? ಅಮ್ಮ ಅತ್ತ ಇತ್ತ ನೋಡಿ ಮಗನ ಬೆನ್ನು ತಟ್ಟಿದಳು.

"ನೀನೇ ಹೋಗಪ್ಪ. ಸಾಧು ಪ್ರಾಣಿ. ಬಲಗಾಲಿಡು."

ಮಸಿ ಹತ್ತಿದ ಪ್ಯಾಂಟಿನಲ್ಲಿ ರಮೇಶ ಬಲಗಾಲಿಟ್ಟು ಒಳಗೆ ಹೋದ. ಮುಮ್ತಾಜ್ ತನ್ನ ಬಾಗಿಲಲ್ಲಿ ನಿಂತು ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಅಮ್ಮನ ಸರದಿ. ಹೊಸ್ತಿಲಿಗೆ ಹೋಗುವ ಮೆಟ್ಟಿಲು ಎತ್ತರ, ದಿನವೂ ನಾನೇ ಕೈ ಹಿಡಿದು ಹತ್ತಿಸುವುದು. ಧನ್ಯ ಕೈ ಚಾಚಿದಳು. ಅಮ್ಮ ಹಿಡಿಯಲಿಲ್ಲ. ಊರುಗೋಲು ಊರಿ, ಒಂದು ಕಾಲು, ಉಸಿರು, ಇನ್ನೊಂದು ಕಾಲು, ಮತ್ತೆ ಉಸಿರು. ಹೊಸ್ತಿಲು ದಾಟಿ ಒಳಗೆ ನಿಂತು ತಿರುಗಿ ನೋಡಿ, "ಬಾರಮ್ಮ" ಎಂದಳು.

ಹಾಲು ಉಕ್ಕಿಸಿ ತರುವಷ್ಟರಲ್ಲಿ ಧನ್ಯ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಬಾಯಿ ತೆರೆದು, ಕೈಕಾಲು ಚೆಲ್ಲಿ, ಗಾಢ ನಿದ್ದೆ. ರಮೇಶ ಹೊರಡಲು ಕಾರಿನ ಕೀಲಿ ತೆಗೆದ.

"ಎಲ್ಲಿಗೋ?" ಎಂದಳು ಅಮ್ಮ ಪಿಸುದನಿಯಲ್ಲಿ. "ನಿನ್ನ ಕಾರು ಗುರ್ ಅಂದ್ರೆ ಮಗು ಎದ್ದುಬಿಡ್ತದೆ. ಕೂತ್ಕೋ."

ಅಮ್ಮನನ್ನು ಡಾಕ್ಟರ ಹತ್ತಿರ ಕರೆದೊಯ್ಯಲು ಬಂದಿದ್ದ ನನ್ನ ತಮ್ಮ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಬಾಗಿಲ ಹತ್ತಿರ ನೆಲದ ಮೇಲೆ ಕೂತ. ನಾನೂ ಅವನ ಪಕ್ಕ ಕೂತೆ. ಉಕ್ಕಿದ ಹಾಲು ಲೋಟಗಳಲ್ಲಿ ಆರಿ ಕೆನೆ ಕಟ್ಟಿತು. ಅಮ್ಮನ ಕಾಲು ಜೋಮು ಹಿಡಿದಿರಬೇಕು, ಆದರೂ ಅವಳು ಅಲುಗಾಡಲಿಲ್ಲ.